ಏಳು ಟಿಕೆಟ್ ದಪ್ಪದ ಗ್ಯಾಪು

ಹೊಳನಗದ್ದೆಯ ದುರ್ಗಪ್ಪ ನಾಯ್ಕನಿಗೆ ಇಂಜಿನ್ನಿನ ವಿಷಯದಲ್ಲಿ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಯಾಕೆಂದರೆ ಅವನು ಮೂವತ್ನಾಲ್ಕು ವರ್ಷ ಬಸ್ಸಿನ ಕಂಡಕ್ಟರಾಗಿದ್ದ. ಕಂಡಕ್ಟರಿಗೂ ಇಂಜಿನ್ನಿಗೂ ಎಂತ ಸಂಬಂಧ ಎಂದು ಕೇಳುವವರಿಗೆ ಅವನ ಹತ್ತಿರ ಉತ್ತರ ತಯಾರಿತ್ತು. ಡ್ರೈವರು ಇಂಜಿನ್ನಿನ ಮಗ್ಗುಲಲ್ಲೇ ಕೂತಿರುತ್ತಾನೆ, ಅವನಿಗೆ ಬರೀ ಸದ್ದು ಕೇಳುತ್ತದೆ. ಕಂಡಕ್ಟರು ದೂರದಲ್ಲಿ, ಹಿಂದಿನ ಬಾಗಿಲಲ್ಲಿ ನಿಂತಿರುತ್ತಾನೆ, ಅವನಿಗೆ ಸದ್ದಿನ ಅರ್ಥ ಕೇಳುತ್ತದೆ. ಕುಮಟಾ, ಹೊನ್ನಾವರ, ಭಟ್ಕಳ ಎಂದು ದಿನಕ್ಕೆ ನಾಲ್ಕು ಸಲ ಹೋಗಿಬರುವಾಗ ಅವನು ಎಷ್ಟೋ ಸಲ ಹಿಂದಿನಿಂದಲೇ, “ಗೇರ್‌ಬಾಕ್ಸ್ ಸ್ವಲ್ಪ ಕಾಣಿ” ಎಂದು ಡ್ರೈವರುಗಳಿಗೆ ಕೂಗಿ ಹೇಳಿದ್ದಿದೆ. ಅವರು ನೋಡಲಿಲ್ಲ, ಗೇರ್‌ಬಾಕ್ಸೂ ಕೆಡಲಿಲ್ಲ. ಅದು ಬೇರೆ ವಿಷಯ.

ನಿವೃತ್ತನಾದ ಮೂರನೇ ತಿಂಗಳಲ್ಲಿ ಅವನು ಹೊನ್ನಾವರದ ಕಡೆಯಿಂದ ಒಂದು ಹಳೆಯ ಪಿಕಪ್ ತಂದ. ಡೀಸೆಲ್ಲಿನದಲ್ಲ, ಪೆಟ್ರೋಲಿನದ್ದು. ಅಂಥದ್ದು ಈಗ ರಸ್ತೆಯಲ್ಲಿ ಕಾಣಸಿಗುವುದೇ ಅಪರೂಪ. ಮುಂದೆ ಜೀಪಿನ ಮೂತಿ, ಹಿಂದೆ ಮರದ ಹಲಗೆಯ ತೊಟ್ಟಿ, ಬಣ್ಣ ಒಂದಾನೊಂದು ಕಾಲದಲ್ಲಿ ನೀಲಿ. ತೆಂಗಿನಕಾಯಿ ಹೇರಬಹುದು, ಗೊಬ್ಬರ ತರಬಹುದು ಎಂದು ಹೆಂಡತಿ ಭಾರತಿಗೆ ಹೇಳಿದ. ಮನೆಯಲ್ಲಿ ಇದ್ದದ್ದು ಆರು ತೆಂಗಿನ ಮರ. ಅದರ ಕಾಯನ್ನು ಭಾರತಿ ಇಷ್ಟು ವರ್ಷ ಒಂದು ಬುಟ್ಟಿಯಲ್ಲಿ ಹೊತ್ತು ತಂದು ಮುಗಿಸುತ್ತಿದ್ದಳು. ನಿಜವಾದ ಕಾರಣ ಬೇರೆ. ಜನ್ಮವಿಡೀ ಬೇರೆಯವರು ಓಡಿಸುವ ಗಾಡಿಯ ಹಿಂದೆ ನಿಂತವನಿಗೆ ಒಮ್ಮೆ ಮುಂದೆ ಕೂತುಕೊಳ್ಳಬೇಕು ಅನ್ನಿಸಿತ್ತು. ಆಸೆ ದೊಡ್ಡದೇನಲ್ಲ, ಆದರೆ ಅವನಿಗೆ ಇದ್ದದ್ದು ಅದೊಂದೇ.

ಕೂತ ಮೇಲೆ ಒಂದು ತೊಂದರೆ ಶುರುವಾಯಿತು. ದುರ್ಗಪ್ಪ ಗಾಡಿ ಚಾಲೂ ಮಾಡಿ, ಗೇರು ಹಾಕಿ, ಕ್ಲಚ್ಚು ಒತ್ತಿಕೊಂಡು ಹಾಗೇ ಕೂತುಬಿಡುತ್ತಿದ್ದ. ಹಿಂದಿನಿಂದ ಯಾರಾದರೂ ‘ರೈಟ್’ ಅನ್ನಬೇಕು ಎಂದು ಅವನ ಕಿವಿ ಕಾಯುತ್ತಿತ್ತು. ‘ರೈಟ್’ ಬೀಳದೆ ಗಾಡಿ ಅಲ್ಲಾಡಬಾರದು ಎಂಬುದು ಮೂವತ್ನಾಲ್ಕು ವರ್ಷ ಅವನೇ ಪಾಲಿಸಿದ ಕಾನೂನು. ತಾನೇ ಬಾಯಲ್ಲಿ ಹೇಳಿ ನೋಡಿದ, ಕಾಲು ಕೇಳಲಿಲ್ಲ. ಹೀಗೆ ಎರಡು ಮೂರು ಕ್ಷಣ ಕಾಯುವಷ್ಟರಲ್ಲಿ ಹಳೇ ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಹೋಗುತ್ತಿತ್ತು.

ಹೋದ ವಾರ ಧಾರೇಶ್ವರದ ದೇವಸ್ಥಾನಕ್ಕೆ ಹೋಗಿ ತಿರುಗಿ ಬರುವಾಗ ಹೈವೇ ಮೇಲೆ ಹೀಗೇ ಆಯಿತು. ಭಾರತಿ ಜರಿಸೀರೆ ಉಟ್ಟುಕೊಂಡು ಇಳಿದು ಗಾಡಿ ದೂಡಬೇಕಾಯಿತು. ದೂಡುತ್ತಿರುವಾಗ ಹಿಂದೆ ಕುಮಟಾ ಬಸ್ಸು ಬಂದು ನಿಂತಿತು. ಬಸ್ಸಿನ ಕಿಟಕಿಯಲ್ಲಿ ಅವಳ ತವರೂರು ಕಾಗಾಲದ ಚಿಕ್ಕಮ್ಮ ಕೂತಿದ್ದಳು. ಬಾಗಿಲಲ್ಲಿದ್ದ ಎಳೆ ಕಂಡಕ್ಟರು ತಲೆ ಹೊರಗೆ ಹಾಕಿ, “ಅಕ್ಕಾ, ಹೋಲ್ಡಾನೋ, ರೈಟೋ?” ಎಂದು ಕೇಳಿದ. ಇಡೀ ಬಸ್ಸು ನಕ್ಕಿತು. ಚಿಕ್ಕಮ್ಮ ಎಲ್ಲರಿಗಿಂತ ಸ್ವಲ್ಪ ಜಾಸ್ತಿ ನಕ್ಕಳು.

ಭಾರತಿ ಕೂಗಾಡುವ ಹೆಂಗಸಲ್ಲ. ಮನೆಗೆ ಬಂದು ಸೀರೆ ಬದಲಿಸಿ, ಒಂದು ಫೋನು ಮಾಡಿ, ಆಮೇಲೆ ಜಗಲಿಗೆ ಬಂದಳು.

“ಬಪ್ಪ ಆದಿತ್ವಾರ ಭಟ್ಕಳದ ಜಿಲಾನಿ ಸಾಹೇಬ್ರು ಲಾರಿ ತಕಂಡು ಬತ್ರು. ಹಳೇ ಗಾಡಿ ಒಯ್ದು ಬಿಚ್ಚಿ ಮಾರೂದು ಅವ್ರ ಕೆಲ್ಸ. ಅಷ್ಟರೊಳಗೆ ಇದು ಸರಿಯಾದ್ರೆ ನನ್ನ ಧಾರೇಶ್ವರಕ್ಕೆ ಕರ್ಕಂಡು ಹೋಗಿ ವಾಪಸ್ ಕರ್ಕಂಡು ಬನ್ನಿ. ನನ್ನ ಕಾಲು ರಸ್ತೆಗೆ ತಾಗೂಕಾಗ. ತಾಗ್ತು ಅಂದ್ರೆ ಗಾಡಿ ಭಟ್ಕಳಕ್ಕೆ ಹೋತದೆ. ಆತಾ?”

“ಆತು” ಎಂದ ದುರ್ಗಪ್ಪ.

ಗುರುವಾರ ಬೆಳಿಗ್ಗೆ ಅವನು ಕುಮಟಾದ ಮೆಕ್ಯಾನಿಕ್ ಯೋಗೇಶನಿಗೆ ಫೋನು ಮಾಡಿದ. ಯೋಗೇಶ ಹೆಂಡತಿ ಮನೆಯ ಮದುವೆಗೆ ಹೋಗಿದ್ದ, ಬರುವುದು ಸೋಮವಾರ. ಕೆಮ್ಮಿನ ವಿವರ ಕೇಳಿಕೊಂಡು, “ಪ್ಲಗ್ ಹೊಲಸಾಗಿರ್ತದೆ. ಬಿಚ್ಚಿ ತೊಳೆದು, ಗ್ಯಾಪ್ ಸರಿ ಮಾಡಿ ಹಾಕೂದು. ಅರ್ಧ ಗಂಟೆ ಕೆಲ್ಸ” ಎಂದ.

ಅರ್ಧ ಗಂಟೆ ಎಂಬ ಮಾತು ದುರ್ಗಪ್ಪನಿಗೆ ಬಹಳ ಇಷ್ಟವಾಯಿತು.

“ಆದ್ರೆ ಒಂದೊಂದೇ ಬಿಚ್ಚಿ” ಎಂದು ಯೋಗೇಶ ಮುಂದುವರಿಸಿದ. “ಒಂದು ಬಿಚ್ಚಿ, ತೊಳೆದು, ವೈರ್ ಹಾಕಿ, ಆಮೇಲೆ ಇನ್ನೊಂದು. ಎಲ್ಲಾ ಒಟ್ಟಿಗೆ ಬಿಚ್ಬೇಡಿ. ಅಪ್ಪಿತಪ್ಪಿ ಬಿಚ್ಚಿದ್ರೆ ನೆನಪಿಟ್ಕಳಿ, ಕಿಡಿ ಹೊಡೆಯೂ ಕ್ರಮ ಒಂದು, ಮೂರು, ನಾಲ್ಕು, ಎರಡು. ಕರೆಂಟು ಹಂಚೂ ಡಬ್ಬಿ ಮೇಲೆ ಒಂದನೇ ನಂಬರಿಗೆ ಗುರ್ತು ಅದೆ.”

ದುರ್ಗಪ್ಪ ಎಲ್ಲವನ್ನೂ ಒಟ್ಟಿಗೆ ಬಿಚ್ಚಿದ. ಕೊನೆಯ ಸ್ಟಾಪಿನಲ್ಲಿ ಒಬ್ಬೊಬ್ಬರನ್ನೇ ಇಳಿಸಿ, ಬಸ್ಸು ಗುಡಿಸಿ, ಮತ್ತೆ ಹತ್ತಿಸುವ ಪದ್ಧತಿಯನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ನಾಲ್ಕು ಪ್ಲಗ್ಗು, ನಾಲ್ಕು ವೈರು, ಎಲ್ಲವೂ ಜಗಲಿಯ ಮೇಲೆ ಹಳೇ ಪೇಪರಿನಲ್ಲಿ ಸಾಲಾಗಿ ಮಲಗಿದವು. ಪ್ಲಗ್ಗಿನ ಮೂತಿಗಳು ಕಪ್ಪಗೆ ಮಸಿ ಹಿಡಿದಿದ್ದವು. ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಅವು ಬೆಳ್ಳಗಾಗುವ ಹೊತ್ತಿಗೆ ಅವನ ಪಂಚೆ ಕಪ್ಪಾಗಿತ್ತು.

ಇನ್ನು ಗ್ಯಾಪು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಣ್ಣ ಸಂದು ಮುಕ್ಕಾಲು ಮಿಲಿಮೀಟರಿಗೆ ಚೂರು ಕಮ್ಮಿ ಇರಬೇಕು. ಅಳೆಯುವ ಪಟ್ಟಿ ದುರ್ಗಪ್ಪನ ಹತ್ತಿರ ಎಲ್ಲಿಂದ ಬರಬೇಕು? ಅವನ ಟ್ರಂಕಿನಲ್ಲಿ ಟಿಕೆಟ್ ಮಶೀನು ಬರುವುದಕ್ಕೆ ಮುಂಚಿನ ಕಾಗದದ ಟಿಕೆಟ್ಟಿನ ಒಂದು ಕಟ್ಟು ಇತ್ತು. ಆ ಟಿಕೆಟ್ಟಿನ ದಪ್ಪ ಅವನ ಹೆಬ್ಬೆರಳಿಗೆ ಹೆಂಡತಿಯ ಮುಖಕ್ಕಿಂತ ಚೆನ್ನಾಗಿ ಗೊತ್ತು. ಲೆಕ್ಕ ಹಾಕಿ, ಏಳು ಟಿಕೆಟ್ ಒಟ್ಟಿಗೆ ಹಿಡಿದು ಸಂದಿನಲ್ಲಿ ತೂರಿಸಿದ. ಹೆಚ್ಚಾದಲ್ಲಿ ಮೆಲ್ಲಗೆ ಬಡಿದ, ಕಮ್ಮಿಯಾದಲ್ಲಿ ಮೆಲ್ಲಗೆ ಎಬ್ಬಿಸಿದ. ಈ ಒಂದು ಕೆಲಸವನ್ನು ಅವನು ನಿಜಕ್ಕೂ ಚೆನ್ನಾಗಿ ಮಾಡಿದ. ಆದರೆ ಆ ದಿನ ಅದು ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ನಂಬರು. ದಿನಕ್ಕೆ ನಾಲ್ಕು ಟ್ರಿಪ್ಪು ತಲೆ ಎಣಿಸಿದ ಕೈಗೆ ನಾಲ್ಕು ತೂತು ಎಣಿಸುವುದು ಯಾವ ಲೆಕ್ಕ? ತನ್ನ ಕ್ರಮದಲ್ಲಿ ಎಣಿಸಿ, ಒಂದೊಂದು ವೈರಿಗೂ ಒಂದೊಂದು ಟಿಕೆಟ್ ಕಟ್ಟಿ, ಅದರ ಮೇಲೆ ನಂಬರು ಬರೆದ. ಡಬ್ಬಿಯ ಗುರುತಿನಲ್ಲಿ ಒಂದನ್ನು ಸಿಕ್ಕಿಸಿ, ಅಲ್ಲಿಂದ ಮೂರು, ನಾಲ್ಕು, ಎರಡು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಎಲ್ಲ ಜೋಡಿಸಿದ. ಚಾಲಕನ ಸೀಟಿನಲ್ಲಿ ಕೂತು ಧಾರೇಶ್ವರದ ಕಡೆ ಒಮ್ಮೆ ಕೈ ಮುಗಿದು ಕೀಲಿ ತಿರುಗಿಸಿದ.

ಢಂ ಎಂದಿತು.

ಕಾಗೆಗಳೆಲ್ಲ ಒಂದೇ ಸಲ ಮೇಲಕ್ಕೆ ಎದ್ದವು. ಭಾರತಿ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದಳು.

“ಎಂತ ಆತು?”

“ಒಳಗೆ ಸ್ವಲ್ಪ ಗಾಳಿ ಇತ್ತು. ಹೊರಗೆ ಹೋತು.”

ಇನ್ನೊಮ್ಮೆ ತಿರುಗಿಸಿದ. ಇನ್ನೊಂದು ಢಂ. ಇಂಜಿನ್ನು ಮಾತ್ರ ಚಾಲೂ ಆಗಲಿಲ್ಲ. ಮೂರನೇ ಢಂ ಆಗುವಾಗ ಬೇಲಿಯಾಚೆಯಿಂದ ಕುಪ್ಪ ಓಡಿ ಬಂದ. ಕುಪ್ಪನದ್ದು ಪಕ್ಕದ ಶೇಂಗಾ ಗದ್ದೆ. ಬೈಯಲಿಕ್ಕೆ ಬಂದನೆಂದು ದುರ್ಗಪ್ಪ ತಲೆ ತಗ್ಗಿಸಿದ. ಕುಪ್ಪ ಅವನ ಎರಡೂ ಕೈ ಹಿಡಿದುಕೊಂಡ.

“ದುರ್ಗಪ್ಪಣ್ಣ, ಹೋದ್ವು. ಎಲ್ಲಾ ಹೋದ್ವು. ಇಪ್ಪತ್ತೆರಡು ಮಂಗ, ನಾ ಎಣಿಸ್ದೆ. ಮರಿ ಕಟ್ಕಂಡದ್ದೂ ನಿಂತು ನೋಡ್ಲಿಲ್ಲ.”

ಇಲ್ಲಿ ಒಂದು ಮಾತು ಹೇಳಬೇಕು. ಅದು ಚುನಾವಣೆಯ ಸಮಯ. ಬೆಳೆ ಕಾಯಲಿಕ್ಕೆ ಲೈಸೆನ್ಸಿನ ಕೋವಿ ಇಟ್ಟುಕೊಂಡವರೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಯ್ದು ಇಟ್ಟು ರಸೀದಿ ತರಬೇಕು, ಮತದಾನ ಮುಗಿದ ಮೇಲೆ ತಿರುಗಿ ತರಬೇಕು. ಕುಪ್ಪನ ಕೋವಿ ಠಾಣೆಗೆ ಹೋಗಿ ಹದಿನೈದು ದಿನವಾಗಿತ್ತು. ಕೀಳುವುದಕ್ಕೆ ಒಂದು ವಾರವಿದ್ದ ಶೇಂಗಾವನ್ನು ಮಂಗಗಳು ಅಷ್ಟೂ ದಿನ ನಿಶ್ಚಿಂತೆಯಿಂದ ಕಿತ್ತು ತಿಂದಿದ್ದವು.

“ಮಂಗಕ್ಕೆ ನೀತಿ ಸಂಹಿತೆ ಜಾರಿ ಆದದ್ದು ನಮ್ಗಿಂತ ಮೊದ್ಲು ಗೊತ್ತಾಗ್ತದೆ” ಎಂದ ಕುಪ್ಪ. “ನಾಳೆ ಬೆಳಿಗ್ಗೆ ಇನ್ನೊಂದು ಬಿಡ್ತ್ರಾ?”

“ಅದು ಬಿಡೂದಲ್ಲ ಕುಪ್ಪ, ಗಾಡಿ ಹಾಳಾದದ್ದು.”

“ಹಂಗೇ ಇರ್ಲಿ ಅಲ್ವಾ” ಎಂದು ಕುಪ್ಪ ಬಹಳ ವಿನಯದಿಂದ ಹೇಳಿದ.

ಶುಕ್ರವಾರ ಬೆಳಗಾಗುವಾಗ ಕುಪ್ಪ ಒಂದು ಹೊರೆ ಹಸಿ ಶೇಂಗಾ ತಂದು ಜಗಲಿಯ ಮೇಲಿಟ್ಟ. ಅವನ ಹಿಂದೆ ಬಸಳೆ ಚಪ್ಪರದವರು, ಅವರ ಹಿಂದೆ ಬಾಳೆಗೊನೆಯವರು, ಅವರ ಹಿಂದೆ ಬರೀ ನೋಡಲಿಕ್ಕೆ ಬಂದವರು. ಒಬ್ಬರಿಗೆ ಬೆಳಿಗ್ಗೆ ಏಳಕ್ಕೆ ಬೇಕು, ಒಬ್ಬರಿಗೆ ಊಟದ ಹೊತ್ತಿಗೆ, ಇನ್ನೊಬ್ಬರಿಗೆ ಸಂಜೆ ನಾಲ್ಕಕ್ಕೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಗುಂಪು, ಗಲಾಟೆ, ಎಲ್ಲರಿಗೂ ಮೊದಲು ತಮಗೇ ಬೇಕು ಎಂಬ ಹಟ. ಇದನ್ನು ನೋಡಿ ದುರ್ಗಪ್ಪನೊಳಗಿನ ಕಂಡಕ್ಟರು ಎದ್ದು ಕೂತ.

“ಸಾಲು, ಸಾಲು. ದೂಡೂದು ಬೇಡ” ಎಂದ. ನಿವೃತ್ತನಾದ ಮೇಲೆ ಅವನ ಮಾತು ಯಾರೂ ಕೇಳಿರಲಿಲ್ಲ. ಇವರು ಕೇಳಿದರು.

ಹತ್ತು ಗಂಟೆಗೆ ಗೇಟಿನ ಮೇಲೆ ಒಂದು ವೇಳಾಪಟ್ಟಿ ಬಂತು. ಹಳೇ ಕ್ಯಾಲೆಂಡರಿನ ಹಿಂದೆ, ಕೆಂಪು ಶಾಯಿಯಲ್ಲಿ: ‘ಬೆಳಿಗ್ಗೆ 6-45, ಮಧ್ಯಾಹ್ನ 12-30, ಸಂಜೆ 4-15. ಷರಾ: ಇಂಜಿನ್ ಚಾಲೂ ಆದಲ್ಲಿ ಸೇವೆ ಇರುವುದಿಲ್ಲ.’

ಭಾರತಿ ನೀರಿನ ಕೊಡ ಹೊತ್ತು ಬಂದವಳು ನಿಂತು ಎಲ್ಲ ಓದಿದಳು. ಷರಾವನ್ನು ಎರಡು ಸಲ ಓದಿದಳು.

“ನಾಡಿದ್ದು ಆದಿತ್ವಾರ” ಎಂದಷ್ಟೇ ಹೇಳಿ ಒಳಗೆ ಹೋದಳು.

ಊರಿನವರು ಹೊಗಳುತ್ತಿದ್ದರು. ಇಂಥ ಗಾಡಿ ತಾಲೂಕಿನಲ್ಲೇ ಇಲ್ಲ ಎಂದರು. ದುರ್ಗಪ್ಪನಿಗೆ ಮಾತ್ರ ದುಃಖವಾಗುತ್ತಿತ್ತು. ಹೊಗಳಿಕೆ ಪೂರ್ತಿ ಗಾಡಿ ಓಡದೆ ಇದ್ದದ್ದಕ್ಕೆ. ಅವನಿಗೆ ಬೇಕಾದದ್ದು ಓಡುವ ಗಾಡಿ. ಒಂದೊಂದು ಢಂ ಆದಾಗಲೂ ಜನ ಚಪ್ಪಾಳೆ ತಟ್ಟಿದರು, ಒಂದೊಂದು ಢಂ ಆದಾಗಲೂ ಭಟ್ಕಳ ಹತ್ತಿರ ಬಂತು. ನಡುವೆ ಪುರುಸೊತ್ತು ಸಿಕ್ಕಾಗ ಅವನು ಪ್ಲಗ್ಗು ಬಿಚ್ಚಿ ಏಳು ಟಿಕೆಟ್ ತೂರಿಸಿ ನೋಡಿದ, ಸರಿಯಿತ್ತು. ಯೋಗೇಶನಿಗೆ ಫೋನು ಮಾಡಿದ, ಅಲ್ಲಿ ಮದುವೆಯ ವಾಲಗ ಕೇಳುತ್ತಿತ್ತು.

“ಕ್ರಮ ಸರಿ ಅದ್ಯಾ?” ಎಂದು ಯೋಗೇಶ ಕೂಗಿದ.

“ಒಂದು, ಮೂರು, ನಾಲ್ಕು, ಎರಡು. ಹತ್ತು ಸಲ ಎಣಿಸ್ದೆ.”

“ಒಂದನೇದು ಗುರ್ತಿನ ಜಾಗದಲ್ಲೇ ಅದ್ಯಾ?”

“ಅಲ್ಲೇ ಅದೆ.”

“ಹಂಗಾರೆ ಚಾಲೂ ಆಗ್ಲೇ ಬೇಕು” ಎಂದ ಯೋಗೇಶ, ಮತ್ತು ಊಟಕ್ಕೆ ಹೋದ.

ಶನಿವಾರ ಬೆಳಿಗ್ಗೆ 6-45ರ ಸೇವೆ ಮುಗಿದು ಜನ ಚದುರುತ್ತಿದ್ದಾಗ ಒಂದು ಬೈಕು ಬಂದು ನಿಂತಿತು. ಇಳಿದವನು ಬೀಟ್ ಪೊಲೀಸ್ ನಿತೇಶ. ವಯಸ್ಸು ಚಿಕ್ಕದು, ಚುನಾವಣೆಯ ಕೆಲಸದಲ್ಲಿ ನಾಲ್ಕು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಹೊಳನಗದ್ದೆಯಲ್ಲಿ ದಿನಕ್ಕೆ ಮೂರು ಸಲ ಗುಂಡು ಹಾರುತ್ತದೆ, ಅದೂ ಸರಿಯಾದ ಸಮಯಕ್ಕೆ, ಎಂದು ಯಾರೋ ದೂರು ಕೊಟ್ಟಿದ್ದರು.

“ಕೋವಿ ಎಲ್ಲಿ ಇಟ್ಟಿದ್ರಿ?” ಎಂದು ಕೇಳಿದ.

“ಕೋವಿ ಇಲ್ಲ. ಇದು” ಎಂದು ದುರ್ಗಪ್ಪ ಪಿಕಪ್ಪನ್ನು ತೋರಿಸಿದ.

“ಕೋವಿ ಇದರೊಳಗೆ ಅದ್ಯಾ?”

“ಇದೇ ಕೋವಿ.”

ನಿತೇಶ ನೋಟ್‌ಬುಕ್ಕು ತೆಗೆದ. ಇಷ್ಟು ಬೇಗ ಒಪ್ಪಿಕೊಂಡವರನ್ನು ಅವನು ಮೊದಲು ಕಂಡಿರಲಿಲ್ಲ. ದುರ್ಗಪ್ಪ ವಿವರಿಸಲು ನೋಡಿದ. ಇಂಜಿನ್ನು, ಪ್ಲಗ್ಗು, ಏಳು ಟಿಕೆಟ್ಟು, ಧಾರೇಶ್ವರ, ಕಾಗಾಲದ ಚಿಕ್ಕಮ್ಮ. ನಿತೇಶನ ಪೆನ್ನು ಏಳು ಟಿಕೆಟ್ಟಿನಲ್ಲೇ ನಿಂತಿತು. ಕೊನೆಗೆ ದುರ್ಗಪ್ಪ, “ಒಂದ್ಸಲ ಬಿಟ್ಟು ತೋರಿಸ್ತೆ, ಕಾಣಿ” ಎಂದು ಕೀಲಿ ತಿರುಗಿಸಿದ. ಢಂ ಎಂದಿತು. ನಿತೇಶನ ಟೊಪ್ಪಿ ಬಸಳೆ ಬುಡಕ್ಕೆ ಬಿತ್ತು. ಬೇಲಿಯಾಚೆಯಿಂದ ಕುಪ್ಪ, “ಇದು ಪಟ್ಟಿಯಲ್ಲಿ ಇಲ್ದಿದ್ದು, ಎಕ್ಸ್‌ಟ್ರಾ” ಎಂದು ಸಂತೋಷಪಟ್ಟ.

ನಿತೇಶ ಟೊಪ್ಪಿ ಕೊಡವಿಕೊಂಡು ಮೇಲಿನ ಸಾಹೇಬರಿಗೆ ಫೋನು ಮಾಡಿದ. “ಸರ್, ಕೋವಿ ಇಲ್ಲ ಸರ್. ಸದ್ದು ಅದೆ ಸರ್. ಪಿಕಪ್ಪಿಂದ ಸರ್. ಪಿಕಪ್ಪೊಳಗೆ ಅಲ್ಲ ಸರ್, ಪಿಕಪ್ಪೇ ಸರ್.” ಆ ಕಡೆಯಿಂದ ಒಂದೇ ಮಾತು ಬಂತು. ಗುಂಡಿನ ಸದ್ದು ಮಾಡುವ ವಸ್ತು ಯಾವುದೇ ಇರಲಿ, ಮತದಾನ ಮುಗಿಯುವವರೆಗೆ ಠಾಣೆಯಲ್ಲಿ ಇರಬೇಕು.

“ಗಾಡಿ ಠಾಣೆಗೆ ತನ್ನಿ” ಎಂದ ನಿತೇಶ.

“ಅದು ಬರೂಹಂಗಿದ್ರೆ ನಾ ಈಗ ಧಾರೇಶ್ವರದಲ್ಲಿ ಇರ್ತಿದ್ದೆ” ಎಂದ ದುರ್ಗಪ್ಪ.

ಕೊನೆಗೆ ನಿತೇಶನಿಗೇ ಒಂದು ಉಪಾಯ ಹೊಳೆಯಿತು. ಸದ್ದಿಗೆ ಮೂಲ ಯಾವುದೋ ಅದನ್ನಷ್ಟೇ ಬಿಚ್ಚಿಕೊಟ್ಟರೆ ಸಾಕು. ಹೀಗೆ ಏಳು ಟಿಕೆಟ್ ಗ್ಯಾಪಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೂತು ಬೈಕಿನ ಮೇಲೆ ಠಾಣೆಗೆ ಹೊರಟವು. ದುರ್ಗಪ್ಪನ ಕೈಗೆ ರಸೀದಿ ಬಂತು: ‘ಪ್ಲಗ್, ನಾಲ್ಕು ನಗ. ಸ್ಥಿತಿ: ಸ್ವಚ್ಛ.’

ಅವತ್ತು ಮಧ್ಯಾಹ್ನ 12-30ಕ್ಕೆ ಜನ ಬಂದು ಸುಮ್ಮನೆ ಹೋದರು. ನಾಲ್ಕಕ್ಕೆ ಮಂಗಗಳು ಬಂದವು, ಅವು ಹೋಗಲಿಲ್ಲ. ದುರ್ಗಪ್ಪ ಜಗಲಿಯಲ್ಲಿ ಕೂತು ರಸೀದಿ ನೋಡುತ್ತಿದ್ದ. ಜೀವಮಾನದಲ್ಲಿ ಲಕ್ಷಗಟ್ಟಲೆ ಚೀಟಿ ಹರಿದು ಕೊಟ್ಟವನಿಗೆ ಸಿಕ್ಕಿದ್ದು ಈ ಒಂದು ಚೀಟಿ. ನಾಳೆ ಗಾಡಿ ಲಾರಿ ಹತ್ತುತ್ತದೆ, ತಾನು ಮತ್ತೆ ಎಲ್ಲದರ ಹಿಂದೆ ನಿಲ್ಲುತ್ತೇನೆ ಎಂದು ಅವನಿಗೆ ಖಾತ್ರಿಯಾಯಿತು. ಭಾರತಿ ಚಹಾ ತಂದಿಟ್ಟಳು. ಅವನು ಕುಡಿಯಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಜಿಲಾನಿ ಸಾಹೇಬರ ಲಾರಿ ಬಂತು. ಸಾಹೇಬರು ಎಪ್ಪತ್ತು ದಾಟಿದವರು, ಬಿಳಿ ಜುಬ್ಬಾ, ಬಿಳಿ ಗಡ್ಡ, ಕೈಯಲ್ಲಿ ಒಂದು ಸಣ್ಣ ತಗಡಿನ ಪೆಟ್ಟಿಗೆ. ಅದೇ ಹೊತ್ತಿಗೆ ಭಾರತಿ ಒಳಗಿನಿಂದ ಬಂದಳು. ಅದೇ ಜರಿಸೀರೆ ಉಟ್ಟಿದ್ದಳು, ತಲೆಗೆ ಅಬ್ಬಲಿಗೆ ಮುಡಿದಿದ್ದಳು, ಕೈಯಲ್ಲಿ ಹಣ್ಣುಕಾಯಿಯ ಚೀಲ. ಗಾಡಿಯಲ್ಲಿ ಪ್ಲಗ್ಗೇ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ತನ್ನ ಮಾತಿನ ಪಾಲು ತಾನು ತಯಾರು ಮಾಡಿಕೊಂಡು ನಿಂತಿದ್ದಳು. ದುರ್ಗಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ.

ಸಾಹೇಬರು ಗಾಡಿಗೆ ಒಂದು ಸುತ್ತು ಬಂದು, “ಯಾಕೆ ನಿಂತದ್ದು?” ಎಂದು ಕೇಳಿದರು.

“ಒಯ್ದು ಬಿಚ್ಚೂಕೆ ಅಲ್ವಾ, ಯಾಕಾದ್ರೆ ಎಂತ?” ಎಂದಳು ಭಾರತಿ.

“ಹಾಗಲ್ಲ ಅಮ್ಮಾ. ನಿಂತ ಗಾಡಿ ಬಿಚ್ಚೋದೇ ನನ್ನ ಧಂದೆ. ಆದ್ರೆ ಯಾಕೆ ನಿಂತದ್ದು ಅಂತ ತಿಳೀದೆ ಬಿಚ್ಚಿದ್ರೆ ನಂಗೆ ಊಟ ಸೇರೂದಿಲ್ಲ.”

ದುರ್ಗಪ್ಪ ರಸೀದಿ ಕೊಟ್ಟ. ಸಾಹೇಬರು ಕನ್ನಡಕ ಹಾಕಿ ಓದಿದರು. ಐವತ್ತು ವರ್ಷದಲ್ಲಿ ಅವರು ಬಹಳ ಗಾಡಿ ಕಂಡಿದ್ದರು, ಪ್ಲಗ್ಗು ಠಾಣೆಯಲ್ಲಿರುವ ಗಾಡಿ ಕಂಡಿರಲಿಲ್ಲ. ಅಷ್ಟರಲ್ಲಿ ನಿತೇಶನ ಬೈಕು ಮತ್ತೆ ಬಂತು. ಅವನ ಕೈಯಲ್ಲಿ ಅದೇ ಪ್ಲಾಸ್ಟಿಕ್ ಚೀಲ.

“ರಿಜಿಸ್ಟರ್‌ನಲ್ಲಿ ಲೈಸೆನ್ಸ್ ನಂಬರ್ ಅಂತ ಒಂದು ಕಾಲಂ ಅದೆ” ಎಂದ ನಿತೇಶ, ಸೋತ ದನಿಯಲ್ಲಿ. “ಇದಕ್ಕೆ ಲೈಸೆನ್ಸೇ ಇಲ್ಲ. ಲೈಸೆನ್ಸ್ ಇಲ್ದೇ ಇದ್ದದ್ದು ಜಮಾ ಮಾಡೂಕಾಗೂದಿಲ್ಲ ಅಂದ್ರು ನಮ್ಮ ಠಾಣೆ ಸಾಹೇಬ್ರು. ತಕಳಿ. ಆದ್ರೆ ಇನ್ನೊಂದು ಸಲ ಢಂ ಅಂತಾದ್ರೆ ಕ್ರೇನ್ ತಂದು ಗಾಡಿನೇ ಒಯ್ಯೂದು.” ಹೀಗೆ ಹೇಳಿ ಅವನು ಬೈಕಿನ ಮೇಲೆಯೇ ಕೂತ. ಢಂ ಅನ್ನುತ್ತದೋ ಇಲ್ಲವೋ ನೋಡಿಯೇ ಬರಬೇಕು ಎಂದು ಅವನಿಗೆ ಅಪ್ಪಣೆಯಾಗಿತ್ತು.

ಸಾಹೇಬರು ಪೆಟ್ಟಿಗೆಯಿಂದ ತೆಳು ಉಕ್ಕಿನ ಪಟ್ಟಿ ತೆಗೆದು ಒಂದೊಂದೇ ಪ್ಲಗ್ಗಿನ ಸಂದಿಗೆ ಹಾಕಿ ನೋಡಿದರು. ನಾಲ್ಕೂ ನೋಡಿ ತಲೆಯೆತ್ತಿದರು.

“ಬರೋಬರ್. ಯಾವ ಗೇಜು ಹಾಕಿದ್ರಿ?”

“ಏಳು ಟಿಕೆಟ್” ಎಂದ ದುರ್ಗಪ್ಪ.

ಸಾಹೇಬರು ಅದನ್ನು ಕೇಳಿ ಬಹಳ ಗೌರವದಿಂದ ತಲೆಯಾಡಿಸಿದರು. ಪ್ಲಗ್ಗು ಸರಿ, ವೈರು ಸರಿ, ಡಬ್ಬಿ ಸರಿ. ನಂಬರಿನ ಟಿಕೆಟ್ಟುಗಳನ್ನು ಓದಿದರು, ಒಂದು, ಮೂರು, ನಾಲ್ಕು, ಎರಡು, ಅದೂ ಸರಿ. ಗಡ್ಡ ಕೆರೆದುಕೊಂಡರು. ಆಮೇಲೆ ಕೇಳಿದರು:

“ಭಾಯಿ, ಇಂಜಿನ್‌ನಲ್ಲಿ ಒಂದನೇ ನಂಬರ್ ಯಾವ್ದು?”

“ಇದು” ಎಂದು ದುರ್ಗಪ್ಪ ಕ್ಯಾಬಿನ್ನಿಗೆ ತಾಗಿದ್ದ ಕಟ್ಟಕಡೆಯದನ್ನು ತೋರಿಸಿದ.

“ಅದು ಹೇಗೆ ಒಂದು?”

ದುರ್ಗಪ್ಪನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. “ಹಿಂದಿನ ಬಾಗ್ಲಿಂದ್ಲೇ ಅಲ್ವಾ ಎಣಿಸೂದು? ಮೂವತ್ನಾಲ್ಕು ವರ್ಷ ಹಂಗೇ ಎಣಿಸಿದ್ದೆ. ಒಂದು ತಲೆ ತಪ್ಪಲಿಲ್ಲ.”

ನಿತೇಶ ಬೈಕಿನಿಂದ ಇಳಿದು ಹತ್ತಿರ ಬಂದ.

“ಇಂಜಿನ್‌ಗೆ ಹಿಂದಿನ ಬಾಗಿಲಿಲ್ಲ ಭಾಯಿ” ಎಂದರು ಸಾಹೇಬರು, ಬಹಳ ಮೆಲ್ಲಗೆ. “ಎಣಿಕೆ ಮುಂದಿಂದ, ರೇಡಿಯೇಟರ್ ಕಡೆಯಿಂದ. ನಿಮ್ಮ ಟಿಕೆಟ್ ಎಲ್ಲಾ ಸರಿ. ಕೊಟ್ಟದ್ದು ಮಾತ್ರ ಎದುರು ಬರೋ ಬಸ್ಸಿನವರಿಗೆ. ಒಂದರ ಕಿಡಿ ನಾಲ್ಕಕ್ಕೆ, ಎರಡರದ್ದು ಮೂರಕ್ಕೆ. ಒಳಗಿನ ವಾಲ್ವಿನ ಬಾಗಿಲು ತೆರೆದಿರುವಾಗ ಬೆಂಕಿ ಹೊಡೆದ್ರೆ ಢಂ ಅನ್ನದೆ ಎಂತ ಮಾಡ್ತದೆ?”

ದುರ್ಗಪ್ಪನ ಕಿವಿ ಬಿಸಿಯಾಯಿತು. ಸಾಹೇಬರು ಪಾನಾ ತೆಗೆದು ತಾವು ಕೈ ಹಾಕಲಿಲ್ಲ, ಅವನ ಕೈಗೆ ಕೊಟ್ಟರು. “ನೀವೇ ಹಾಕಿ. ಈ ಸಲ ಮುಂದಿಂದ ಹತ್ತಿ.”

ಆಗ ಕುಪ್ಪ ಬೇಲಿ ದಾಟಿ ಬಂದ. ಅವನ ಹಿಂದೆ ಬಸಳೆಯವರು, ಬಾಳೆಯವರು.

“ಸಾಹೇಬ್ರೇ, ಒಂದು ಮಾತು” ಎಂದ ಕುಪ್ಪ. “ನಾವು ಶೇಂಗಾ ಕೀಳೂದು ಬುಧವಾರ. ಇದನ್ನ ಗುರುವಾರ ಸರಿ ಮಾಡೂಕೆ ಬತ್ತದ್ಯಾ?”

ಸಾಹೇಬರಿಗೆ ಅರ್ಥವಾಗಲಿಲ್ಲ. ಭಾರತಿಗೆ ಅರ್ಥವಾಯಿತು. ಅವಳು ಕುಪ್ಪನ ಕಡೆ ಒಂದು ಸಲ ನೋಡಿದಳು. ಕುಪ್ಪ ಎರಡು ಹೆಜ್ಜೆ ಹಿಂದೆ ಸರಿದು, “ಕೇಳ್ದೆ ಅಷ್ಟೇ” ಎಂದ.

ದುರ್ಗಪ್ಪ ನಾಲ್ಕೂ ಪ್ಲಗ್ಗು ತಿರುಗಿಸಿ ಕೂರಿಸಿದ. ರೇಡಿಯೇಟರಿನ ಕಡೆಯಿಂದ ಎಣಿಸಿ, ಒಂದಕ್ಕೆ ಒಂದು, ಎರಡಕ್ಕೆ ಎರಡು ಎಂದು ವೈರು ಬದಲಿಸಿದ. ಸೀಟಿನಲ್ಲಿ ಕೂತ. ನಿತೇಶ ಎರಡೂ ಕಿವಿಗೆ ಬೆರಳಿಟ್ಟುಕೊಂಡ. ಕುಪ್ಪ ಢಂ ಆಗಲಿ ಎಂದು ಕಣ್ಣು ಮುಚ್ಚಿ ಹರಕೆ ಹೊರುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಭಾರತಿ ಹಣ್ಣುಕಾಯಿ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಕೀಲಿ ತಿರುಗಿತು. ಇಂಜಿನ್ನು ಒಮ್ಮೆ ಗೊರಕ್ ಎಂದು, ಆಮೇಲೆ ಸಣ್ಣಗೆ ಓಡತೊಡಗಿತು. ಕೆಮ್ಮಿಲ್ಲ, ಢಂ ಇಲ್ಲ. ನಿತೇಶ ಕಿವಿಯಿಂದ ಬೆರಳು ತೆಗೆದ ಮೇಲೂ ಅಷ್ಟೇನೂ ಕೇಳಲಿಲ್ಲ. ಅವನು ನೋಟ್‌ಬುಕ್ಕಿನಲ್ಲಿ ‘ಸದ್ದು ಇಲ್ಲ’ ಎಂದು ಬರೆದು, ಐದು ದಿನದಲ್ಲಿ ಮೊದಲ ಸಲ ನಕ್ಕು ಹೋದ. ಗೇಟಿನ ಮೇಲಿದ್ದ ವೇಳಾಪಟ್ಟಿಯನ್ನು ಕುಪ್ಪನೇ ಕಿತ್ತು ಮಡಚಿ ಜೇಬಿನಲ್ಲಿಟ್ಟುಕೊಂಡ. ತೆಂಗಿನ ಮರದ ಮೇಲೆ ಎರಡು ಮಂಗ ಕಾದು ಕೂತಿದ್ದವು.

ಇಷ್ಟಾದ ಮೇಲೆ ಎಲ್ಲ ಮುಗಿಯಿತು ಎಂದು ದುರ್ಗಪ್ಪ ತಿಳಿದ. ಭಾರತಿ ಹಾಗೆ ತಿಳಿಯಲಿಲ್ಲ.

“ಸಾಹೇಬ್ರೇ, ಜಗಲಿ ಮೇಲೆ ಕೂತ್ಕಳಿ. ಶೇಂಗಾ ಬೇಯಿಸಿಟ್ಟಿದ್ದೆ” ಎಂದಳು. “ಲಾರಿ ಇಲ್ಲೇ ಇರ್ಲಿ. ಧಾರೇಶ್ವರದಿಂದ ಬಂದು ಹೇಳ್ತೆ.” ಹೀಗೆ ಹೇಳಿ ಸೀರೆಯ ನೆರಿಗೆ ಎತ್ತಿಕೊಂಡು ಗಾಡಿ ಹತ್ತಿ ಕೂತಳು.

ದುರ್ಗಪ್ಪ ಅಭ್ಯಾಸದಂತೆ ಗೇರು ಹಾಕಿ ಮೂರು ಕ್ಷಣ ಕಾದ. ಇಂಜಿನ್ನು ನಿಲ್ಲಲಿಲ್ಲ, ಅವನ ಜೊತೆ ಅದೂ ಕಾಯಿತು. ಕುಮಟಾ ಪೇಟೆ ದಾಟಿ ಹೈವೇಗೆ ಬಂದರು. ಹೋದ ವಾರ ದೂಡಿದ ಜಾಗ ಬಂದಾಗ ಭಾರತಿ ಬೇರೆ ಕಡೆ ನೋಡಿದಳು, ದುರ್ಗಪ್ಪ ನೇರ ನೋಡಿದ. ಗಾಡಿ ಅಲ್ಲಿ ನಿಲ್ಲದೆ ಮುಂದೆ ಹೋಯಿತು. ಧಾರೇಶ್ವರದಲ್ಲಿ ಹಣ್ಣುಕಾಯಿ ಮಾಡಿಸಿ, ತೀರ್ಥ ತಗೊಂಡು, ಇಬ್ಬರೂ ಬಂದು ಮತ್ತೆ ಗಾಡಿಯಲ್ಲಿ ಕೂತರು.

ಇಂಜಿನ್ನು ಬಿಸಿಯಾಗಿತ್ತು. ಹಿಂದೆಲ್ಲ ಅದು ಮುಷ್ಕರ ಹೂಡುತ್ತಿದ್ದದ್ದೇ ಇಂಥ ಹೊತ್ತಿನಲ್ಲಿ. ದುರ್ಗಪ್ಪ ಉಸಿರು ಬಿಗಿಹಿಡಿದು ಕೀಲಿ ತಿರುಗಿಸಿದ. ಮೊದಲ ಸಲಕ್ಕೇ ಚಾಲೂ ಆಯಿತು. ಗೇರು ಹಾಕಿದ, ಕ್ಲಚ್ಚು ಒತ್ತಿಕೊಂಡ, ಮತ್ತೆ ಹಾಗೇ ಕೂತ. ಒಂದು ಕ್ಷಣ, ಎರಡು ಕ್ಷಣ, ಮೂರು. ಹಿಂದೆ ಯಾವುದೋ ಬಸ್ಸು ಬಂದು ನಿಂತು ಹಾರ್ನು ಹಾಕಿತು.

“ಎಂತ ಕಾಯ್ತ್ರಿ?” ಎಂದಳು ಭಾರತಿ. ಬೆಳಿಗ್ಗೆಯಿಂದ ಅವನೊಡನೆ ಆಡಿದ ಮೊದಲ ಮಾತು.

ಅವನಿಗೆ ನಿಜ ಹೇಳಲು ನಾಚಿಕೆಯಾಯಿತು. “ಏನಿಲ್ಲ. ಭಟ್ಕಳದ ಸಾಹೇಬ್ರಿಗೆ ಎಂತ ಹೇಳೂದು ಅಂತ.”

ಭಾರತಿ ಅವನ ಕಾಲು ನೋಡಿದಳು. ಕ್ಲಚ್ಚಿನ ಮೇಲೆ ಅದು ಒತ್ತಿದ ಹಾಗೇ ನಿಂತಿತ್ತು. ಅವನ ಕಿವಿ ಹಿಂದಕ್ಕೆ ತಿರುಗಿದ್ದು ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕಾಯಿತು. ಅವಳು ಕುತ್ತಿಗೆ ಹೊರಳಿಸಿ, ಹಿಂದಿನ ಸಣ್ಣ ಕಿಟಕಿಯಲ್ಲಿ ಖಾಲಿ ತೊಟ್ಟಿಯನ್ನೂ ಅದರ ಹಿಂದಿನ ಬಸ್ಸನ್ನೂ ಒಮ್ಮೆ ನೋಡಿಕೊಂಡಳು. ಆಮೇಲೆ ಬಳೆಯ ಕೈ ಹೊರಗೆ ಹಾಕಿ ಬಾಗಿಲ ತಗಡಿಗೆ ಎರಡು ಸಲ ಬಡಿದಳು.

“ರೈಟ್” ಎಂದಳು.

ದುರ್ಗಪ್ಪ ಕ್ಲಚ್ಚು ಬಿಟ್ಟ.